ಬೆರಕೆ ಸೊಪ್ಪು

೧೯೯೯ ಏಪ್ರಿಲ್ ೨೧, ಬುಧವಾರ

ಈ ಡೈರಿ ಇವರ ಫ್ಯಾಕ್ಟರಿಯವರು ಹೊಸ ವರ್ಷಕ್ಕೆ ಕೊಟ್ಟದ್ದು. ಇಷ್ಟು ದಿನ ಇದರಲ್ಲಿ ಗಿರಾಕಿಗಳ ರವಿಕೆ ಅಳತೆ ಬರೆದುಕೊಳ್ಳುತ್ತಿದ್ದೆ. ಇವತ್ತಿನಿಂದ ನನ್ನ ಹೊಟ್ಟೆಯುರಿಯನ್ನೂ ಬರೆಯುತ್ತೇನೆ. ಇನ್ನು ಯಾರ ಹತ್ತಿರ ಹೇಳಿಕೊಳ್ಳಲಿ? ಗಂಡನ ಹತ್ತಿರ ಹೇಳಿದರೆ ಅವರ ಎದೆಗೆ ಆಗದು. ಮಗಳು ಗಗನ ಇನ್ನೂ ಎಂಟನೇ ಕ್ಲಾಸು. ಅತ್ತೆಯ ಹತ್ತಿರ ಹೇಳುವುದಕ್ಕಿಂತ ಒರಳುಕಲ್ಲಿಗೆ ಹೇಳುವುದು ಮೇಲು.

ನೆನ್ನೆ ಸಂಜೆ ಇವರನ್ನು ಬೆಂಗಳೂರಿನ ಆಸ್ಪತ್ರೆಯಿಂದ ಕುಂಬಾರಕೊಪ್ಪಲಿಗೆ ಕರೆತಂದೆವು. ಚಿಕ್ಕ ವಯಸ್ಸಿನಲ್ಲಿ ಬಂದ ಕೀಲುನೋವಿನ ಜ್ವರ ಹೃದಯದ ಕವಾಟವನ್ನು ಹಾಳು ಮಾಡಿತ್ತಂತೆ. ಅದನ್ನು ತೆಗೆದು ಲೋಹದ್ದೊಂದು ಕೂರಿಸಿದ್ದಾರೆ. ಅದು ಸದ್ದು ಮಾಡುತ್ತದೆ. ಮಧ್ಯಾಹ್ನ ಕರೆಂಟು ಹೋಗಿ ಫ್ಯಾನು ನಿಂತಾಗ ಟಿಕ್ ಟಿಕ್ ಎಂದು ಕೇಳಿಸಿತು. ಗಗನ ಕಿವಿಯಿಟ್ಟು ಕೇಳಿ, ಅಪ್ಪ ಗೋಡೆ ಗಡಿಯಾರ ಆಗ್ಬುಟ್ರು ಅಂದಳು. ಇವರು ನಕ್ಕರು. ನಗುವಾಗ ಹೊಲಿಗೆ ಎಳೆದು ಮುಖ ಕಿವುಚಿದರು.

ಲೋಹದ ಮೇಲೆ ರಕ್ತ ಹೆಪ್ಪುಗಟ್ಟುತ್ತದಂತೆ. ಅದಕ್ಕೆ ಬದುಕಿರುವವರೆಗೂ ದಿನಕ್ಕೊಂದು ಮಾತ್ರೆ, ರಕ್ತ ತೆಳ್ಳಗೆ ಹರಿಯುವಂತೆ. ಎಷ್ಟು ತೆಳ್ಳಗಿದೆ ಎಂದು ತಿಂಗಳಿಗೊಮ್ಮೆ ಪರೀಕ್ಷೆ. ಎರಡೂವರೆಯಿಂದ ಮೂರೂವರೆ ಒಳಗೆ ಬರಬೇಕು. ಕೆಳಗಿಳಿದರೆ ಕವಾಟ ಕಟ್ಟಿಕೊಳ್ಳುತ್ತದೆ, ಮೇಲೇರಿದರೆ ಎಲ್ಲೆಂದರಲ್ಲಿ ರಕ್ತ ಸೋರುತ್ತದೆ. ಅಲ್ಲಿನ ಡಾಕ್ಟರು, ಉಪ್ಪು ಕಮ್ಮಿ ಮಾಡಿ, ಉಳಿದಂತೆ ಊಟ ಮೊದಲು ಹೇಗಿತ್ತೋ ಹಾಗೇ ಇರಲಿ, ಸೊಪ್ಪುಸದೆ ದಿನಾ ಒಂದೇ ಅಳತೆಯಲ್ಲಿ ಇರಲಿ, ಏರುಪೇರು ಮಾಡಬೇಡಿ ಅಂದರು. ನನಗೆ ಆಗ ಬಿಲ್ಲಿನ ಚಿಂತೆ, ಕಾರಿನ ಚಿಂತೆ. ಹೂಂ ಅಂದೆ.

ಏಪ್ರಿಲ್ ೩೦

ಉಪ್ಪಿನ ರಗಳೆ ಶುರುವಾಯಿತು. ಮೊದಲ ತುತ್ತಿಗೇ ತಟ್ಟೆ ನೂಕಿ, 'ಇದೇನೇ ಪ್ರೇಮ, ಸಾರು ಮಾಡಿದ್ದೀಯೋ ಪಾತ್ರೆ ತೊಳೆದ ನೀರು ಇಕ್ಕಿದ್ದೀಯೋ' ಎಂದರು. ಅರ್ಧ ಚಮಚ ಅಂದರೆ ಅರ್ಧ ಚಮಚ, ನಾನು ಮಿಸುಕಲಿಲ್ಲ. ಮುದುಕಿ, ನಮ್ಮತ್ತೆ, ನನ್ನ ಬೆನ್ನ ಹಿಂದೆ ಸೆರಗಿನಲ್ಲಿ ಉಪ್ಪು ತಂದು ಉದುರಿಸುತ್ತಿದ್ದಳು. ಹಿಡಿದೆ. ಹೆತ್ತವರಿಗೆ ಹೆಗ್ಗಣ ಮುದ್ದು ಸರಿ, ಹಾಗಂತ ಹೆಗ್ಗಣಕ್ಕೆ ಪಾಷಾಣ ಇಕ್ಕುವುದೇ?

ಮೈಸೂರಿನ ಡಾಕ್ಟರ ಹತ್ತಿರ ಮೊದಲ ಪರೀಕ್ಷೆ ಆಯಿತು. ಮೂರು ಬಂತು. ಒಳ್ಳೆಯದು ಅಂದರು. ಮನೆಗೆ ಬಂದು ಸುಮ್ಮನೆ ಒಂದು ಗಂಟೆ ಮಲಗಿದೆ. ಹೊಲಿಗೆ ಮಿಷನ್ ಮುಟ್ಟಲಿಲ್ಲ.

ಜೂನ್ ೧೬

ಮಳೆ ಹಿಡಿದಿದೆ. ಇವರು ಫ್ಯಾಕ್ಟರಿಗೆ ಹೋಗುತ್ತಿದ್ದಾರೆ. ಮಿಷನ್ ಮುಟ್ಟುವ ಹಾಗಿಲ್ಲ, ಗಾಯವಾದರೆ ರಕ್ತ ನಿಲ್ಲುವುದಿಲ್ಲ ಅಂತ ಸ್ಟೋರಿನಲ್ಲಿ ಕೂರಿಸಿದ್ದಾರೆ. ಇಪ್ಪತ್ತು ವರ್ಷ ಫಿಟ್ಟರ್ ಆಗಿದ್ದವರಿಗೆ ನಟ್ಟು ಬೋಲ್ಟು ಎಣಿಸಿ ಕೊಡುವ ಕೆಲಸ.

ಮಳೆ ಬಿದ್ದ ಮೇಲೆ ಮುದುಕಿಗೆ ರೆಕ್ಕೆ ಬಂದಿದೆ. ಬೆಳಗಾದರೆ ಬಿದಿರಿನ ಮಂಕರಿ ಹಿಡಿದು ಹೆಬ್ಬಾಳು ಕೆರೆ ಕಡೆ ಹೊರಡುತ್ತಾಳೆ. ಬಡಾವಣೆಯಾಗದೆ ಉಳಿದ ಒಂದೆರಡು ಹೊಲ, ಅದರ ಬದು, ಕಾಲುವೆ ಏರಿ ಎಲ್ಲಾ ಅವಳದೇ ಪಾಳೇಪಟ್ಟು. ಅಣ್ಣೆ ಸೊಪ್ಪು, ಹೊನಗೊನೆ, ಗಣಿಕೆ, ಕಿರಕೀಲೆ, ಎಳೆ ನುಗ್ಗೆ, ಇನ್ನೂ ನನಗೆ ಹೆಸರೇ ಗೊತ್ತಿಲ್ಲದವು. ಎಲ್ಲಾ ಸೇರಿಸಿ ಬೆರಕೆ ಸೊಪ್ಪು. ಬೇಯಿಸಿ, ಬಸಿದು, ಬೆಳ್ಳುಳ್ಳಿ ಕಾಳುಮೆಣಸು ಹಾಕಿ ಸಾರು, ಜೊತೆಗೆ ಮುದ್ದೆ. ಇವರು ಮೂರು ಸಲ ಸಾರು ಬಿಡಿಸಿಕೊಳ್ಳುತ್ತಾರೆ. ಉಪ್ಪು ಕಮ್ಮಿಯಾದರೂ ಸೊಪ್ಪಿನ ಸಾರಿಗೆ ಮಾತ್ರ ಗೊಣಗುವುದಿಲ್ಲ. ನನ್ನ ಅಡುಗೆಗೆ ಸೇರದ ನಾಲಿಗೆ ಅಮ್ಮನ ಅಡುಗೆಗೆ ಹ್ಯಾಗೆ ಸೇರುತ್ತದೋ.

ಮಾತ್ರೆಯಿಂದ ರಕ್ತ ತೆಳ್ಳಗಾಗುತ್ತದೆ ಎಂದು ಯಾರೋ ಮುದುಕಿಗೆ ಹೇಳಿದ್ದಾರೆ. ಅದು ಅವಳ ತಲೆಯಲ್ಲಿ ಕೂತುಬಿಟ್ಟಿದೆ. 'ರಕ್ತ ನೀರಾದ್ರೆ ಮೈಯಲ್ಲಿ ಕಸುವು ಎಲ್ಲಿರ್ತದೆ? ಸೊಪ್ಪು ತಿಂದ್ರೆ ರಕ್ತ ಊರ್ತದೆ ಕಣವ್ವ' ಅಂತ ದಿನಾ ಒಂದೇ ರಾಗ.

ಈ ತಿಂಗಳ ಪರೀಕ್ಷೆ: ಒಂದು ಮುಕ್ಕಾಲು. ಡಾಕ್ಟರು ಮಾತ್ರೆ ಹೆಚ್ಚಿಸಿದರು.

ಜುಲೈ ೧೨

ಎರಡು ಕೂಡ ಮುಟ್ಟಿಲ್ಲ. ಮಾತ್ರೆ ಮತ್ತೆ ಹೆಚ್ಚಾಯಿತು. ಸೊಪ್ಪು ಜಾಸ್ತಿ ತಿಂತಾ ಇದ್ದೀರಾ ಎಂದು ಡಾಕ್ಟರು ಕೇಳಿದರು. ಇವರು, 'ಇಲ್ಲ ಸಾರ್, ನಾವು ಯಾವಾಗ್ಲೂ ತಿನ್ನೋ ಅಷ್ಟೇ' ಎಂದರು. ಹುಟ್ಟಿದಾಗಿನಿಂದ ತಿಂದವರಿಗೆ ಅದು ಜಾಸ್ತಿ ಅಂತ ಹೇಗೆ ಅನ್ನಿಸೀತು? ನಾನೂ ಸುಮ್ಮನಿದ್ದೆ. ಹದಿನೈದು ದಿನ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿ ಅಂದರು.

ಹೊರಗೆ ಬೆಂಚಿನ ಮೇಲೆ ಬೋಗಾದಿಯ ಗಿರಿಜಾಂಬಾ ಎಂಬುವರು ಕೂತಿದ್ದರು. ಅವರ ಗಂಡನಿಗೂ ಇದೇ ಕವಾಟ ಹಾಕಿದ್ದರು. ಒಂದು ದಿನ ಹಲ್ಲುಜ್ಜುತ್ತಾ ನಿಂತಲ್ಲೇ ಕುಸಿದರಂತೆ. ಕವಾಟ ಕಟ್ಟಿಕೊಂಡು ಒಂದು ಕೈ ಒಂದು ಕಾಲು ಹೋಯಿತು. ಈಗ ಅವರನ್ನು ಎತ್ತಿ ಕೂರಿಸುವುದು, ತಿನ್ನಿಸುವುದು ಎಲ್ಲಾ ಈಕೆಯೇ. ಆಕೆ ನನ್ನ ಮಂಡಿ ಹಿಡಿದು, 'ನಿಮ್ಮಲ್ಲಿ ಸೊಪ್ಪು ಮಾಡ್ತೀರಾ? ನಮ್ಮೋರಿಗೆ ಸೊಪ್ಪು ವಿಷ ಕಣ್ರೀ. ಮಾತ್ರೆ ಒಂದು ಕಡೆ ಎಳೆದ್ರೆ ಸೊಪ್ಪು ಇನ್ನೊಂದು ಕಡೆ ಎಳೀತದೆ. ನಂಗೆ ಯಾರೂ ಹೇಳ್ಲಿಲ್ಲ' ಎಂದರು.

ಬಸ್ಸಿನಲ್ಲಿ ಬರುವಾಗ ಇವರ ಕೈಯನ್ನೇ ನೋಡುತ್ತಾ ಕೂತೆ. ಆ ಕೈ ಬಿದ್ದುಹೋದರೆ ನಾನು ಬದುಕಲಾರೆ. ದೇವರೇ, ನನಗೆ ಭಯವಾಗಿದೆ.

ಜುಲೈ ೧೩

ಊರಿಗೆಲ್ಲ ಟಿವಿಯಲ್ಲಿ ಯುದ್ಧ, ನಮ್ಮ ಮನೆಯಲ್ಲಿ ಒಲೆ ಮುಂದೆ. ಮುದುಕಿ ತಂದ ಮಂಕರಿಯನ್ನು ಹಾಗೇ ಎತ್ತಿ ಪಕ್ಕದ ಮನೆ ಪುಟ್ಟಮಾದಯ್ಯನ ಎಮ್ಮೆ ಮುಂದೆ ಸುರಿದೆ. ಇನ್ನು ಈ ಮನೆಯೊಳಗೆ ಒಂದೆಲೆ ಸೊಪ್ಪು ಬರಕೂಡದು, ಕೊತ್ತಂಬರಿ ಕರಿಬೇವು ಸಹಿತ, ಎಂದು ಕೂಗಿದೆ. ಮುದುಕಿ ಅಳಲಿಲ್ಲ, ಬಯ್ಯಲಿಲ್ಲ. ಬರಿದಾದ ಮಂಕರಿಯನ್ನು ತಟ್ಟಿ ಮಣ್ಣು ಉದುರಿಸಿದಳು. 'ಅವ್ನ ಮೈ ಅದ್ರಲ್ಲೇ ಬೆಳೆದಿರೋದು ಕಣವ್ವ. ಒಂದೇ ಸಲಕ್ಕೆ ನಿಲ್ಸಬ್ಯಾಡ' ಅಂದಳು. ನಿಮ್ಮ ಸೊಪ್ಪಿನಿಂದಲೇ ಮಾತ್ರೆ ಏರುತ್ತಿರುವುದು ಅಂದೆ.

ಇವರು ಇಬ್ಬರ ನಡುವೆ ಕೂತು ನೆಲ ನೋಡಿದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ ನಾವಿಬ್ಬರು, ನಡುವೆ ನೇಗಿಲು ಇವರು.

ಜುಲೈ ೨೪

ಹುರುಳಿಕಾಳು, ಆಲೂಗಡ್ಡೆ, ಬದನೆ, ಮೂಲಂಗಿ. ಸೊಪ್ಪಿಲ್ಲ. ಒಗ್ಗರಣೆಗೆ ಕರಿಬೇವೂ ಇಲ್ಲ. ಇವರು ಅರ್ಧ ಮುದ್ದೆಗೇ ಕೈ ತೊಳೆಯುತ್ತಾರೆ. ತೊಳೆಯಲಿ. ನಾಲಿಗೆ ಸತ್ತರೂ ಪರವಾಗಿಲ್ಲ, ಆಳು ಬದುಕಿರಲಿ.

ಮುದುಕಿ ಈಗಲೂ ಹೊಲದ ಕಡೆ ಹೋಗುತ್ತಾಳೆ. ಕುಯ್ದು ತಂದು ಜಗಲಿಯ ಮೇಲೆ ಕೂತು ಒಂದೊಂದೇ ಎಲೆ ಸೋಸಿ, ಆಮೇಲೆ ಎದ್ದು ಹೋಗಿ ಎಮ್ಮೆಗೆ ಹಾಕುತ್ತಾಳೆ. ಹುಚ್ಚು.

ಆಗಸ್ಟ್ ೧೪

ಶ್ರಾವಣ ಬಂತು. ಮದುವೆ ರವಿಕೆಗಳು ರಾಶಿ ಬಿದ್ದಿವೆ. ಹದಿನೈದು ದಿನಕ್ಕೆ ಮಾಡಿಸಬೇಕಿದ್ದ ಪರೀಕ್ಷೆಗೆ ಹೋಗಲಾಗಲಿಲ್ಲ. ಇವರಿಗೂ ರಜ ಕೇಳಲು ಮುಜುಗರ. ಸ್ಟೋರಿನಲ್ಲಿ ಕೂರಿಸಿದ್ದೇ ದೊಡ್ಡ ಉಪಕಾರ ಎನ್ನುವ ಹಾಗೆ ನೋಡುತ್ತಾರಂತೆ. ಕೆಡಿಸುತ್ತಿದ್ದ ಸೊಪ್ಪೇ ನಿಂತಿತಲ್ಲ, ಇನ್ನೇನು ಅವಸರ ಅಂದೆ. ಹಬ್ಬ ಕಳೆದ ಮೇಲೆ ಹೋದರಾಯಿತು.

ಬೆಳಗ್ಗೆ ಹಲ್ಲುಜ್ಜುವಾಗ ಇವರ ಒಸಡಿನಲ್ಲಿ ರಕ್ತ ಬಂತು. ಮೊದಲು ಹೆದರಿದೆ. ಆಮೇಲೆ ಅನ್ನಿಸಿತು, ತೆಳ್ಳಗಾಗಲಿ ಅಂತ ತಾನೇ ಮಾತ್ರೆ ಕೊಡುವುದು? ಎರಡು ತಿಂಗಳಾದ ಮೇಲೆ ಈಗ ಮಾತ್ರೆ ನಾಟಿದೆ. ರಕ್ತ ಸಲೀಸಾಗಿ ಓಡಾಡುತ್ತಿದೆ. ಕವಾಟ ಕಟ್ಟುವ ಭಯ ಇಲ್ಲ. ಎಷ್ಟೋ ದಿನದ ಮೇಲೆ ಮಧ್ಯಾಹ್ನ ಕಣ್ತುಂಬ ನಿದ್ದೆ ಬಂತು.

ಆಗಸ್ಟ್ ೩೦

ಇವರ ತೋಳಿನ ಮೇಲೆ ಅಂಗೈ ಅಗಲ ನೀಲಿ. ಎಲ್ಲಿ ತಗುಲಿತು ಎಂದರೆ, ಬಸ್ಸಿನ ಕಂಬಕ್ಕೆ ಒರಗಿದ್ದೆ ಅಷ್ಟೇ ಎಂದರು.

ಮುದುಕಿಯೂ ನೋಡಿದಳು. ನಾನು ರವಿಕೆಗೆ ಕಾಜ ಹಾಕುತ್ತಿದ್ದಾಗ ಬಂದು ಪಕ್ಕದಲ್ಲಿ ಕೂತಳು. ಇಷ್ಟು ವರ್ಷದಲ್ಲಿ ನನ್ನ ಪಕ್ಕ ಹಾಗೆ ಕೂತವಳೇ ಅಲ್ಲ. 'ಒಂದ್ಸತಿ ಡಾಕ್ಟ್ರ ತಾವ ಕರ್ಕೊಂಡೋಗವ್ವ. ಇಲ್ದಿದ್ರೆ ಒಸಿ ಸೊಪ್ಪಾದ್ರೂ ಇಕ್ಕು. ಒಂದು ಹಿಡಿ. ನೀನೇ ಅಳ್ದು ಇಕ್ಕು' ಅಂದಳು.

ನನಗೆ ಗಿರಿಜಾಂಬಾ ಕಣ್ಣ ಮುಂದೆ ಬಂದರು. ನಿಮ್ಮ ಮಗನನ್ನು ನೀವೇ ಸಾಯಿಸಬೇಕು ಅಂತಿದ್ದರೆ ಹೇಳಿಬಿಡಿ, ನಾನು ತವರಿಗೆ ಹೋಗುತ್ತೇನೆ ಎಂದುಬಿಟ್ಟೆ. ಮುದುಕಿ ಎದ್ದು ಹೋದಳು. ಅಷ್ಟು ಹೇಳಬಾರದಿತ್ತು. ಆದರೆ ಹೇಳದಿದ್ದರೆ ಕೇಳುವವಳೂ ಅಲ್ಲ.

ಸೆಪ್ಟೆಂಬರ್ ೧೨, ಭಾನುವಾರ

ಗೌರಿ ಹಬ್ಬ. ಬೆಳಗಿನಿಂದ ಇವರಿಗೆ ತಲೆನೋವು. ಬಾಗಿನಕ್ಕೆ ಬಂದವರ ಗಲಾಟೆ ಅಂದುಕೊಂಡು ಒಳಕೋಣೆಯಲ್ಲಿ ಮಲಗಿಸಿದೆ. ಒಬ್ಬಟ್ಟು ಬೇಡ ಅಂದರು. ಒಬ್ಬಟ್ಟು ಬೇಡ ಎಂದವರೇ ಅಲ್ಲ. ನಾಳೆ ಗಣೇಶ ಕೂರಿಸಿ, ಮಂಗಳವಾರ ಖಂಡಿತ ಪರೀಕ್ಷೆಗೆ ಕರೆದುಕೊಂಡು ಹೋಗುತ್ತೇನೆ.

ಸೆಪ್ಟೆಂಬರ್ ೧೪

ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ಬರೆಯುತ್ತಿದ್ದೇನೆ. ಚೀಲದಲ್ಲಿ ಬಟ್ಟೆಯ ಜೊತೆ ಈ ಡೈರಿ ಹೇಗೆ ಬಂತೋ ಗೊತ್ತಿಲ್ಲ.

ನೆನ್ನೆ ಗಣಪತಿಗೆ ಗರಿಕೆ ಕೊಡಿ ಎಂದು ಕೂಗಿದೆ. ಬರಲಿಲ್ಲ. ಹೋಗಿ ನೋಡಿದರೆ ಮಂಚದ ಕೆಳಗೆ ವಾಂತಿ, ಬಾಯಿ ಒಂದು ಕಡೆಗೆ ಸೊಟ್ಟ. ಪುಟ್ಟಮಾದಯ್ಯನ ಆಟೋದಲ್ಲಿ ಮಲಗಿಸಿ ತಂದೆವು. ಅತ್ತೆ ದಾರಿಯುದ್ದಕ್ಕೂ ಮಗನ ಪಾದ ಎದೆಗೊತ್ತಿಕೊಂಡು ಕೂತಿದ್ದರು. ಚಪ್ಪಲಿಯಿಲ್ಲದ ಕಾಲು.

ಕವಾಟ ಕಟ್ಟಿಕೊಂಡಿದೆ, ಸೊಪ್ಪೆಲ್ಲೋ ಹೊಟ್ಟೆಗೆ ಹೋಗಿದೆ ಅಂತಲೇ ನಾನು ತಿಳಿದಿದ್ದೆ. ಕದ್ದು ತಿನ್ನಿಸಿದಿರಾ ಎಂದು ಆಟೋದಲ್ಲೇ ಅತ್ತೆಯನ್ನು ಕೇಳಿದೆ. ಅವರು ಇಲ್ಲವೆಂದು ತಲೆಯಾಡಿಸಿದರು ಅಷ್ಟೇ.

ಕವಾಟ ಸರಿಯಾಗಿಯೇ ಇದೆಯಂತೆ. ತಲೆಯೊಳಗೆ ರಕ್ತ ಸೋರಿದೆ. ಮೂರು ಇರಬೇಕಾದ್ದು ಒಂಬತ್ತು ಬಂದಿದೆ. ರಕ್ತ ಅಷ್ಟು ತೆಳ್ಳಗಾಗಿದೆ. ಮಾತ್ರೆಯ ಚೀಟಿ ನೋಡಿದ ಡಾಕ್ಟರು ನಮ್ಮನ್ನು ಕೂರಿಸಿಕೊಂಡು ಸಮಾಧಾನವಾಗಿಯೇ ಹೇಳಿದರು. ಜುಲೈನಲ್ಲಿ ಬರೆದ ಮಾತ್ರೆ ಅವರು ಆಗ ತಿನ್ನುತ್ತಿದ್ದ ಊಟಕ್ಕೆ ಹೊಂದಿಸಿ ಬರೆದದ್ದು. ತಿನ್ನುವುದು ಅದೇ ಇದ್ದಿದ್ದರೆ ಇಷ್ಟು ಏರುವ ಹಾಗಿರಲಿಲ್ಲ. ಸೊಪ್ಪು ಒಮ್ಮೆಗೇ ನಿಂತಿತಾ? ಯಾರು ನಿಲ್ಲಿಸಿದ್ದು ಎಂದು ಕೇಳಿದರು.

ಅತ್ತೆ ನನ್ನ ಕಡೆ ನೋಡಲೂ ಇಲ್ಲ.

'ನಾನೇ ಬುಟ್ಬುಟ್ಟೆ ಸ್ವಾಮಿ' ಎಂದರು. 'ಮಂಡಿ ನೋವು, ಹೊಲ್ತಾಕೆ ಹೋಗಕ್ಕಾಗ್ತಿರ್ಲಿಲ್ಲ. ಸೊಪ್ಪು ತರೋದು ನಿಲ್ಸ್‌ಬುಟ್ಟೆ.'

ಡಾಕ್ಟರು ಏನೋ ಬರೆದುಕೊಂಡರು. ನಾನು ಬಾಯಿ ಬಿಡಲಿಲ್ಲ.

ಈಗ ರಕ್ತ ಗಟ್ಟಿಯಾಗಲು ಸೂಜಿ ಕೊಡುತ್ತಿದ್ದಾರೆ. ಅದರಿಂದ ಕವಾಟ ಕಟ್ಟಬಹುದು, ಆದರೆ ಬೇರೆ ದಾರಿಯಿಲ್ಲವಂತೆ. ಏನು ಔಷಧ ಇದು ಎಂದು ಕೇಳಿದೆ. ವಿಟಮಿನ್ನು ಎಂದರು ಡಾಕ್ಟರು. ಸೊಪ್ಪಿನಲ್ಲಿ ಇರುತ್ತಲ್ಲಮ್ಮ, ಅದೇ.

ಸೆಪ್ಟೆಂಬರ್ ೧೫

ಒಳಗೆ ಬಿಟ್ಟರು. ಬಾಯಲ್ಲಿ ಕೊಳವೆ. ಕಣ್ಣು ಬಿಡುವುದಿಲ್ಲ. ಆದರೆ ಟಿಕ್ ಟಿಕ್ ಸರಿಯಾಗಿ ಕೇಳಿಸುತ್ತದೆ. ಕವಾಟಕ್ಕೆ ಏನೂ ಆಗಿಲ್ಲ. ಅದನ್ನೇ ತಾನೇ ನಾನು ಕಾದದ್ದು.

ಸೆಪ್ಟೆಂಬರ್ ೧೭

ನಿಂತಿತು.

ಸೆಪ್ಟೆಂಬರ್ ೨೨

ಮನೆ ತುಂಬ ನೆಂಟರು. ಮಿಷನ್ ಮೇಲೆ ಯಾರದೋ ಒದ್ದೆ ಟವೆಲು. ಫ್ಯಾನು ನಿಂತಾಗಲೆಲ್ಲ ಕಿವಿ ತಾನಾಗಿ ಆಲಿಸುತ್ತದೆ. ಗಗನ ಇವರ ಅಂಗಿ ತಲೆಯಡಿ ಇಟ್ಟುಕೊಂಡು ಮಲಗುತ್ತಾಳೆ, ಮಾತಾಡಿಸಿದರೆ ಗೋಡೆ ಕಡೆ ತಿರುಗುತ್ತಾಳೆ.

ಇವರ ಅಕ್ಕ ಇವತ್ತು ಎಲ್ಲರೆದುರಿಗೆ ಅತ್ತೆಯನ್ನು ಹಿಡಿದು ಬೈದರು. ಎರಡು ಹಿಡಿ ಸೊಪ್ಪು ತರಲು ನಿನ್ನ ಕಾಲಿಗೆ ಬರಬಾರದ್ದು ಬಂದಿತ್ತಾ, ಸೋಮಾರಿತನಕ್ಕೆ ಮಗನನ್ನು ನುಂಗಿದೆಯಲ್ಲ ಎಂದರು. ಡಾಕ್ಟರು ಹೇಳಿದ್ದು ಊರಿಗೆಲ್ಲ ಗೊತ್ತಾಗಿದೆ. ನಾನು ಹೇಳೇಬಿಡಬೇಕೆಂದು ಬಾಯಿ ತೆರೆದೆ. ಪಕ್ಕದಲ್ಲಿ ಕೂತಿದ್ದ ಅತ್ತೆ ಸೆರಗಿನ ಕೆಳಗೆ ನನ್ನ ಕೈ ಹಿಸುಕಿದರು. ನೋವಾಗುವಷ್ಟು.

ಎಲ್ಲರೂ ಹೊರಗೆ ಹೋದ ಮೇಲೆ ಕೇಳಿದೆ, ಯಾಕೆ ಹಾಗೆ ಹೇಳಿದಿರಿ ಅಂತ.

'ನೀನು ಈ ನೆಂಟ್ರ ಮಧ್ಯೆ ಇನ್ನೂ ಬಾಳ್ಬೇಕು ಕಣವ್ವ. ಗಗನನ್ನ ಒಂದು ದಡ ಸೇರಿಸ್ಬೇಕು. ಗಂಡನ್ನ ಕೊಂದೋಳು ಅಂತ ಅನ್ನಿಸ್ಕೊಂಡು ಎಂಗೆ ಬಾಳೀಯೆ? ನಂದೇನು, ಇವತ್ತೋ ನಾಳೆಯೋ.' ಆಮೇಲೆ, 'ನೀನು ಹೆದರಿಕೆಗೆ ಮಾಡ್ದೆ. ನಂಗೊತ್ತಿಲ್ವಾ' ಎಂದರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದನ್ನು ತಡೆದುಕೊಳ್ಳಲು ಆಗುತ್ತಿಲ್ಲ. ಯಾಕೆ ನಾನು ಬದುಕಿದ್ದೇನೆ ಅನ್ನಿಸುತ್ತದೆ. ಬೆಳಗ್ಗೆ ಎದ್ದರೆ ಅದೇ ಗೋಡೆ, ಅದೇ ಒಲೆ.

ಸೆಪ್ಟೆಂಬರ್ ೨೭, ಸೋಮವಾರ

ತಿಥಿ. ಸತ್ತವರಿಗೆ ಅವರು ಇಷ್ಟಪಟ್ಟು ಉಂಡದ್ದನ್ನೆಲ್ಲ ಎಲೆಯ ಮೇಲೆ ಎಡೆ ಇಕ್ಕಬೇಕು. ಇವರಕ್ಕ ಪಟ್ಟಿ ಹೇಳುತ್ತಿದ್ದರು, ಒಬ್ಬಟ್ಟು, ವಡೆ, ಪಾಯಸ, ಸಿಗರೇಟು ಬೇಡ, ಬಿಟ್ಟಿದ್ದ ಅಂತೆಲ್ಲ. ಸೊಪ್ಪಿನ ಸಾರಿನ ಮಾತನ್ನು ಯಾರೂ ಎತ್ತಲಿಲ್ಲ. ಇವರ ಅವ್ವನೂ ಎತ್ತಲಿಲ್ಲ.

ನಾನು ಮಂಕರಿ ತೆಗೆದುಕೊಂಡು ಹೊರಟೆ. ಮದುವೆಯಾಗಿ ಬಂದ ಹದಿನಾರು ವರ್ಷದಲ್ಲಿ ಮೊದಲ ಸಲ. ಕೆರೆ ಕಡೆ ಹೊಲದ ಬದುವಿನಲ್ಲಿ ನಿಂತರೆ ಎಲ್ಲಾ ಹಸಿರೂ ಒಂದೇ ಥರ ಕಾಣುತ್ತದೆ. ಹೊನಗೊನೆ ಗೊತ್ತು, ನುಗ್ಗೆ ಗೊತ್ತು. ಉಳಿದದ್ದನ್ನು ಕಣ್ಣಂದಾಜಿನಲ್ಲಿ ಕುಯ್ದೆ. ಸೀರೆಯೆಲ್ಲ ಕೆಸರು. ಕುಯ್ಯುತ್ತಾ ಕುಯ್ಯುತ್ತಾ ಜೋರಾಗಿ ಅತ್ತುಬಿಟ್ಟೆ, ಅಲ್ಲಿ ಕೇಳುವವರು ಯಾರೂ ಇರಲಿಲ್ಲ.

ಅವ್ವ ಜಗಲಿಯ ಮೇಲೆ ಕೂತಿದ್ದರು. ಮಂಕರಿಯನ್ನು ಅವರ ಮುಂದೆ ಇಟ್ಟೆ. ಅದನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಸೋಸತೊಡಗಿದರು. ಅರ್ಧಕ್ಕರ್ಧ ತೆಗೆದು ಪಕ್ಕಕ್ಕೆ ಹಾಕಿದರು. ಇದು ಸೊಪ್ಪಲ್ಲ ಕಣವ್ವ, ಕಳೆ, ಎಂದರು. ಇದು ಗಣಿಕೆ, ಇದು ಕಿರಕೀಲೆ, ಎಲೆ ಹಿಂದೆ ನೋಡ್ಕೋ, ಎಂದು ಒಂದೊಂದನ್ನೂ ನನ್ನ ಕೈಗೆ ಕೊಟ್ಟು ತೋರಿಸಿದರು. ನಾನು ಮುಟ್ಟಿ ನೋಡಿದೆ.

ಬೇಯಿಸಿದೆ, ಬಸಿದೆ, ಬೆಳ್ಳುಳ್ಳಿ ಮೆಣಸು ಅರೆದು ಸಾರು ಕುದಿಸಿದೆ. ಎಡೆಗೆ ಮಾಡಿದ್ದನ್ನು ರುಚಿ ನೋಡುವ ಹಾಗಿಲ್ಲ. ಅವ್ವ ಬಾಗಿಲು ಹಿಡಿದು ನಿಂತು ಪಾತ್ರೆಯೊಳಗೆ ಇಣುಕಿ, ಉಪ್ಪು ಎಷ್ಟು ಹಾಕಿದೆ ಎಂದು ಕೇಳಿದರು.

ಯಾವಾಗಲೂ ಹಾಕುವಷ್ಟೇ, ಅರ್ಧ ಚಮಚ, ಎಂದೆ.

'ಇನ್ನೊಸಿ ಹಾಕವ್ವ' ಎಂದರು ಅವ್ವ. 'ಈಗ ಅವ್ನಿಗೆ ಹಾಕ್ಬೋದು.'

ಡಬ್ಬಿ ತೆಗೆದು ಒಂದು ಚಿಟಿಕೆ ಹಾಕಿದೆ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಚಿಟಿಕೆ ಹಾಕಿದೆ.